ಖಾಲಿ ಚೌಕಟ್ಟುಗಳ ಒಂದು ಹಳೆಯ ರೆಕಾರ್ಡು

ನಮ್ಮ ಶಾಲೆಯ ಡ್ರಾಯಿಂಗ್ ಮಾಷ್ಟ್ರು ತೀರಿಕೊಂಡು ವರ್ಷ ತುಂಬುವ ಹೊತ್ತಿಗೆ ಅವರ ಮನೆಯವರು ನನ್ನನ್ನು ಕರೆಸಿ ಒಂದು ರಟ್ಟಿನ ಪೆಟ್ಟಿಗೆ ಕೊಟ್ಟರು. "ಮಾಷ್ಟ್ರೇ, ಇದೆಲ್ಲ ನಿಮಗಾದರೆ ಬೇಕಾದೀತು. ಇಲ್ಲಿಟ್ಟರೆ ಗುಜರಿಯವನ ಪಾಲಾಗ್ತದೆ, ಅಷ್ಟೆ" ಎಂದರು ಅವರ ಹೆಂಡತಿ. ಪೆಟ್ಟಿಗೆಯಲ್ಲಿ ತಾಳಮದ್ದಳೆಯ ಕ್ಯಾಸೆಟ್ಟುಗಳಿದ್ದವು, ಒಣಗಿಹೋದ ಕುಂಚಗಳಿದ್ದವು. ಅಡಿಯಲ್ಲಿ ಒಂದಡಿ ಉದ್ದಗಲದ ಒಂದು ದಪ್ಪ ರಟ್ಟಿನ ಕವರು. ಒಳಗೆ ಕಪ್ಪು ಗ್ರಾಮಫೋನ್ ಪ್ಲೇಟು. ಮುಂಬಯಿಯಲ್ಲಿ ಚಿತ್ರಕಲೆ ಕಲಿಯುತ್ತಿದ್ದಾಗ ಚೋರ್ ಬಜಾರಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದಂತೆ. ಅವರ ಬಳಿ ಅದನ್ನು ಹಾಕಿ ಕೇಳುವ ಯಂತ್ರ ಯಾವತ್ತೂ ಇರಲಿಲ್ಲ. ಕವರಿನ ಚಿತ್ರ ನೋಡಿಯೇ ಕೊಂಡಿದ್ದರು.

ಆ ಕವರೇ ವಿಚಿತ್ರ. ಮುಂದೆ, ಹಿಂದೆ ಒಂದು ಚಿತ್ರಪ್ರದರ್ಶನದ ಗೋಡೆ. ಗೋಡೆಯಲ್ಲಿ ಚಂದದ ಚೌಕಟ್ಟುಗಳು. ಆದರೆ ಚೌಕಟ್ಟಿನೊಳಗೆ ಚಿತ್ರಗಳಿಲ್ಲ, ಹೆಸರು ಮಾತ್ರ. ಪುಸ್ತಕದ ಹಾಗೆ ಕವರನ್ನು ಬಿಡಿಸಿದರೆ ಒಳಗೆ ಅದೇ ಗೋಡೆ, ಈಗ ಚಿತ್ರಗಳ ಸಮೇತ. ಇದನ್ನು ಬರೆದ ಕಲಾವಿದ ವಿಲಿಯಂ ನೀಲ್. ರೆಕಾರ್ಡಿನ ಹೆಸರು 'ಪಿಕ್ಚರ್ಸ್ ಅಟ್ ಆ್ಯನ್ ಎಕ್ಸಿಬಿಷನ್', ಅಂದರೆ ಪ್ರದರ್ಶನದಲ್ಲಿರುವ ಚಿತ್ರಗಳು. ನುಡಿಸಿದವರು ಎಮರ್ಸನ್, ಲೇಕ್ ಆ್ಯಂಡ್ ಪಾಮರ್ ಎಂಬ ಇಂಗ್ಲೆಂಡಿನ ಮೂವರ ತಂಡ. ಮುದ್ರಿಸಿದ್ದು ಐಲೆಂಡ್ ಕಂಪೆನಿ. ನಂಬರು 'ಹೆಲ್ಪ್ 1'. ಅದು ಆ ಕಂಪೆನಿಯ ಅಗ್ಗದ ದರದ ಮಾಲಿಕೆಯ ಮೊದಲನೆಯ ರೆಕಾರ್ಡು.

ನಾನು ಚರಿತ್ರೆ ಪಾಠ ಮಾಡುವವನು. ಪಾಶ್ಚಾತ್ಯ ಸಂಗೀತ ನನಗೆ ದೂರ. ಆದರೂ ಈ ಪ್ಲೇಟಿನ ಬೆನ್ನು ಹಿಡಿದು ಹೋದಾಗ ಸಿಕ್ಕಿದ ಚರಿತ್ರೆಯನ್ನು ನಿಮ್ಮೊಡನೆ ಹಂಚಿಕೊಳ್ಳದಿರಲಾರೆ. ಇದು ಒಂದು ರಾಕ್ ತಂಡದ ಕತೆಯಾಗಿ ಶುರುವಾಗುತ್ತದೆ, ಆದರೆ ಅಲ್ಲಿಗೆ ಮುಗಿಯುವುದಿಲ್ಲ.

1971, ನ್ಯೂಕ್ಯಾಸಲ್

1971ರ ಮಾರ್ಚ್ 26. ಇಂಗ್ಲೆಂಡಿನ ಉತ್ತರದ ನ್ಯೂಕ್ಯಾಸಲ್ ಪಟ್ಟಣದ ಸಿಟಿ ಹಾಲ್. ವೇದಿಕೆ ಹತ್ತಿದ ಮೂವರೂ ಹುಡುಗರೇ ಎನ್ನಬೇಕು. ಕೀಬೋರ್ಡಿನ ಕೀತ್ ಎಮರ್ಸನ್‌ಗೆ 26 ವರ್ಷ. ಹಾಡುತ್ತಾ ಗಿಟಾರ್ ನುಡಿಸುವ ಗ್ರೆಗ್ ಲೇಕ್‌ಗೆ 23. ಡ್ರಮ್ಸ್ ಬಾರಿಸುವ ಕಾರ್ಲ್ ಪಾಮರ್‌ಗೆ 21 ತುಂಬಿ ಆರು ದಿನ ಆಗಿತ್ತಷ್ಟೆ. ತಂಡ ಕಟ್ಟಿದ್ದು 1970ರಲ್ಲಿ. ಆ ವರ್ಷದ ಆಗಸ್ಟಿನಲ್ಲಿ ಐಲ್ ಆಫ್ ವೈಟ್ ದ್ವೀಪದ ದೊಡ್ಡ ಸಂಗೀತೋತ್ಸವದಲ್ಲಿ ಇದೇ ಕೃತಿ ನುಡಿಸಿ ಹೆಸರು ಮಾಡಿದ್ದರು.

ಈ ಬಗೆಯ ಸಂಗೀತಕ್ಕೆ ಪ್ರೋಗ್ರೆಸಿವ್ ರಾಕ್ ಎನ್ನುತ್ತಾರೆ. 1960ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಕೆಲವು ತರುಣರಿಗೆ ಮೂರು ನಿಮಿಷದ ಪ್ರೇಮಗೀತೆಗಳು ಸಾಕಾಗಿದ್ದವು. ಉದ್ದದ ರಚನೆ ಬೇಕು, ಲೆಕ್ಕ ತಪ್ಪಿಸುವಂಥ ತಾಳ ಬೇಕು, ಶಾಸ್ತ್ರೀಯ ಸಂಗೀತವೂ ಜಾಝ್‌ ಕೂಡ ರಾಕ್ ಸಂಗೀತದೊಳಗೆ ಬರಬೇಕು ಎಂದು ಹೊರಟರು. ಇದಕ್ಕೆ ಒಂದು ಯಾಂತ್ರಿಕ ಕಾರಣವೂ ಇತ್ತು. ಮೊದಲಿನ ಗ್ರಾಮಫೋನ್ ಪ್ಲೇಟುಗಳು ನಿಮಿಷಕ್ಕೆ ಸುಮಾರು 78 ಸುತ್ತು ತಿರುಗುತ್ತಿದ್ದವು. ಒಂದು ಬದಿಯಲ್ಲಿ ಮೂರು-ನಾಲ್ಕು ನಿಮಿಷ ಹಿಡಿಸಿದರೆ ಹೆಚ್ಚು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದಾಗಲೂ ಗಂಟೆಗಟ್ಟಲೆಯ ರಾಗವನ್ನು ಆ ಮೂರು ನಿಮಿಷದೊಳಗೆ ತುರುಕಬೇಕಾಗಿತ್ತು. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪೆನಿ ಲಾಂಗ್ ಪ್ಲೇ ರೆಕಾರ್ಡು ತಂದಿತು. ನಿಮಿಷಕ್ಕೆ 33⅓ ಸುತ್ತು, ಕೂದಲೆಳೆಯಂಥ ಗೀರು, ಬದಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು. ಜಾಗ ಸಿಕ್ಕಿದ ಮೇಲೆ ಸಂಗೀತವೂ ಕಾಲು ಚಾಚಿತು.

ಇನ್ನೊಂದು ಮಾತು. ಹಳೆಯ 78ರ ಪ್ಲೇಟುಗಳಲ್ಲಿ ಅಂಟಾಗಿ ಬಳಸುತ್ತಿದ್ದದ್ದು ಅರಗು. ಮಹಾಭಾರತದ ಅರಗಿನ ಮನೆಯ ಅದೇ ಅರಗು! ಲೋಕಕ್ಕೆಲ್ಲ ಅದು ಬಹುಪಾಲು ಹೋಗುತ್ತಿದ್ದದ್ದು ಭಾರತದಿಂದ. ಕೈಜಾರಿ ಬಿದ್ದರೆ ಅದು ಚೂರುಚೂರು. ಲಾಂಗ್ ಪ್ಲೇ ಬಂದ ಮೇಲೆ ವಿನೈಲ್ ಎಂಬ ಪ್ಲಾಸ್ಟಿಕ್ ಆ ಜಾಗ ಹಿಡಿಯಿತು. ನಮ್ಮ ಮಾಷ್ಟ್ರ ಪ್ಲೇಟು ಇಷ್ಟು ವರ್ಷ ಒಡೆಯದೆ ಉಳಿದದ್ದು ಅದರಿಂದಲೇ.

ಸರಿ, ನ್ಯೂಕ್ಯಾಸಲ್‌ಗೆ ಹಿಂದಿರುಗೋಣ. ಕಛೇರಿ ಶುರುವಾಗುವುದು ಒಂದು ದೊಡ್ಡ ಪೈಪ್ ಆರ್ಗನ್ನಿನ ದನಿಯಿಂದ. ಅದು ತಂಡ ಹೊತ್ತು ತಂದ ವಾದ್ಯವಲ್ಲ, ಆ ಸಭಾಂಗಣದ್ದೇ ವಾದ್ಯ. ಅದಿದ್ದದ್ದು ಮೆಟ್ಟಿಲು ಹತ್ತಿ ಹೋಗಬೇಕಾದ ಎತ್ತರದಲ್ಲಿ. ಎಮರ್ಸನ್ ಮೇಲೆ ಕೂತು ಮೊದಲ ಭಾಗ ನುಡಿಸಿದ. ಮುಂದಿನ ಭಾಗಕ್ಕೆ ಕೆಳಗಿರುವ ತನ್ನ ಕೀಬೋರ್ಡುಗಳ ಹತ್ತಿರ ಬರಬೇಕು. ಇಳಿದು ಬರುವವರೆಗೆ ಸಭೆ ಸುಮ್ಮನೆ ಕೂರುವುದೇ? ಅದಕ್ಕೆ ಪಾಮರ್ ಡ್ರಮ್ಮಿನ ಮೇಲೆ ಉರುಳಿಕೆ ಹಾಕುತ್ತಾ ಇರುತ್ತಾನೆ. ರೆಕಾರ್ಡಿನಲ್ಲಿ ಅದು ಹಾಗೆಯೇ ಉಂಟು. ಇದನ್ನು ತಿಳಿದಾಗ ನನಗೆ ನಗು ಬಂತು. ಚೌಕಿಯಿಂದ ವೇಷ ರಂಗಸ್ಥಳಕ್ಕೆ ಬರಲು ಸ್ವಲ್ಪ ತಡವಾದರೆ ನಮ್ಮ ಚಂಡೆಯವರು ಮಾಡುವುದು ಇನ್ನೇನು ಮಾರಾಯ್ರೆ?

ಎಮರ್ಸನ್‌ನ ಇನ್ನೊಂದು ಆಯುಧ ಅಮೆರಿಕದ ರಾಬರ್ಟ್ ಮೂಗ್ ರೂಪಿಸಿದ ಸಿಂಥಸೈಜರ್. ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ, ಕಪಾಟಿನಷ್ಟು ದೊಡ್ಡ ಯಂತ್ರ ಅದು. ವೈರುಗಳನ್ನು ಒಂದೊಂದು ತೂತಿಗೆ ಸಿಕ್ಕಿಸಿ ಬೇಕಾದ ದನಿ ಮಾಡಿಕೊಳ್ಳಬೇಕು. ರೆಕಾರ್ಡಿನಲ್ಲಿ ಅದು ಒಮ್ಮೆ ಗುಟುರು ಹಾಕುತ್ತದೆ, ಒಮ್ಮೆ ಸಿಳ್ಳೆ ಹೊಡೆಯುತ್ತದೆ. ನಡುವೆ ಲೇಕ್ ಗಿಟಾರ್ ಹಿಡಿದು ತಾನೇ ಕಟ್ಟಿದ 'ದಿ ಸೇಜ್' ಎಂಬ ಮೆಲುದನಿಯ ಹಾಡು ಹಾಡುತ್ತಾನೆ. ಕೊನೆಗೆ ಜನ ಬಿಡದಿದ್ದಾಗ ಚೈಕೋವ್‌ಸ್ಕಿಯ ನಟ್‌ಕ್ರ್ಯಾಕರ್ ಬ್ಯಾಲೆಯ ಒಂದು ತುಣುಕನ್ನು ತಮಾಷೆಯಾಗಿ ನುಡಿಸಿ ಮುಗಿಸುತ್ತಾರೆ.

ಧ್ವನಿಮುದ್ರಣ ಆಗಿದ್ದು ಮಾರ್ಚಿನಲ್ಲಿ. ಮಾರುಕಟ್ಟೆಗೆ ಬಂದದ್ದು ನವೆಂಬರಿನಲ್ಲಿ. ರಾಕ್ ಕೇಳುವವರು ನೂರು ವರ್ಷ ಹಳೆಯ ಶಾಸ್ತ್ರೀಯ ಕೃತಿ ಕೊಳ್ಳುತ್ತಾರೋ ಇಲ್ಲವೋ ಎಂಬ ಅಳುಕು ಕಂಪೆನಿಗಳಿಗೆ ಇತ್ತು. ನಡುವೆ ಜೂನಿನಲ್ಲಿ 'ಟಾರ್ಕಸ್' ಎಂಬ ಬೇರೆ ರೆಕಾರ್ಡು ಬಂದು ಹೋಯಿತು. ಕೊನೆಗೆ ಇದು ಅಗ್ಗದ ಬೆಲೆಗೆ ಹೊರಬಿತ್ತು. ಇಂಗ್ಲೆಂಡಿನ ಪಟ್ಟಿಯಲ್ಲಿ 3ನೇ ಸ್ಥಾನಕ್ಕೂ ಅಮೆರಿಕದಲ್ಲಿ 10ನೇ ಸ್ಥಾನಕ್ಕೂ ಏರಿತು. ಶಾಸ್ತ್ರೀಯ ಸಂಗೀತವನ್ನು ಕೆಡಿಸಿದರು ಎಂದು ಬೈದವರಿದ್ದರು. ಈ ರೆಕಾರ್ಡಿನಿಂದಲೇ ಮೂಲ ಕೃತಿಯ ಹೆಸರನ್ನು ಮೊದಲ ಸಲ ಕೇಳಿದ ತರುಣರೂ ಇದ್ದರು.

1874, ಪೀಟರ್ಸ್‌ಬರ್ಗ್

ಆ ಮೂಲ ಕೃತಿ ಯಾರದು? ಇಲ್ಲಿಂದ ಕತೆ ನೂರು ವರ್ಷ ಹಿಂದಕ್ಕೆ, ರಷ್ಯಕ್ಕೆ ಹೋಗುತ್ತದೆ.

ಮೊಡೆಸ್ಟ್ ಮುಸ್ಸೋರ್ಗ್‌ಸ್ಕಿ 1839ರಲ್ಲಿ ಹುಟ್ಟಿದವನು. ಹೊಟ್ಟೆಪಾಡಿಗೆ ಸರಕಾರಿ ಕಚೇರಿಯಲ್ಲಿ ಗುಮಾಸ್ತಿಕೆ, ಉಸಿರಿಗೆ ಸಂಗೀತ. ಜರ್ಮನಿ, ಇಟಲಿಗಳ ಮಾದರಿಯನ್ನು ಬಿಟ್ಟು ರಷ್ಯದ ಮಣ್ಣಿನ ಸಂಗೀತ ಕಟ್ಟಬೇಕೆಂದು ಹೊರಟ ಐವರ ಗುಂಪಿನಲ್ಲಿ ಇವನೂ ಒಬ್ಬ. ಅವನಿಗೊಬ್ಬ ಗೆಳೆಯ, ವಿಕ್ಟರ್ ಹಾರ್ಟ್‌ಮನ್. ವಾಸ್ತುಶಿಲ್ಪಿ, ಚಿತ್ರಕಾರ. ಕಟ್ಟಡದಲ್ಲಿ, ಚಿತ್ರದಲ್ಲಿ ಅವನದೂ ಅದೇ ಹಟ: ನಮ್ಮ ನಾಡಿನ ರೂಪಗಳು ಬರಬೇಕು. ಇಬ್ಬರನ್ನೂ ಹತ್ತಿರ ತಂದವನು ವ್ಲಾದಿಮಿರ್ ಸ್ಟಾಸೋವ್ ಎಂಬ ಕಲಾವಿಮರ್ಶಕ.

1873ರಲ್ಲಿ ಹಾರ್ಟ್‌ಮನ್ ಇದ್ದಕ್ಕಿದ್ದಂತೆ ತೀರಿಕೊಂಡ. 39 ವರ್ಷ. ಮುಸ್ಸೋರ್ಗ್‌ಸ್ಕಿ ಆಮೇಲೆ ಬರೆದ ಒಂದು ಪತ್ರದಲ್ಲಿ ಒಂದು ಸಂಗತಿ ಬರುತ್ತದೆ. ಒಂದು ರಾತ್ರಿ ಇಬ್ಬರೂ ನಡೆದುಕೊಂಡು ಹೋಗುತ್ತಿದ್ದರು. ಒಂದು ಗಲ್ಲಿಯಲ್ಲಿ ಹಾರ್ಟ್‌ಮನ್ ತಟ್ಟನೆ ನಿಂತು ಗೋಡೆಗೆ ಒರಗಿದ. ಉಸಿರು ಸಿಗುತ್ತಿರಲಿಲ್ಲ. ತನಗೂ ಆಗಾಗ ಎದೆಬಡಿತ ಬರುತ್ತಿದ್ದುದರಿಂದ ಮುಸ್ಸೋರ್ಗ್‌ಸ್ಕಿ ಅದನ್ನು ದೊಡ್ಡದು ಮಾಡಲಿಲ್ಲ. ಹೀಗೆ ಆಗಾಗ ಆಗುತ್ತದೆಯೇ ಎಂದು ಕೇಳಿ ಬೇರೆ ಮಾತಿಗೆ ಹೊರಳಿದ. ಸಾವು ಗೆಳೆಯನ ಬೆನ್ನ ಹಿಂದೆಯೇ ನಿಂತಿದ್ದಾಗ ತಾನು ಹಾಗೆ ನಡೆದುಕೊಂಡೆನಲ್ಲ ಎಂಬ ಕೊರಗು ಅವನನ್ನು ಬಿಡಲಿಲ್ಲ.

ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಹೊರಗೆ ಹೋಗಿ ನಿಂತೆ. ನಮ್ಮ ಶಾಲೆ ಇರುವುದು ಗುಡ್ಡದ ಮೇಲೆ. ಬಸ್ಸಿಳಿದು ಮುರಕಲ್ಲಿನ ಮೆಟ್ಟಿಲು ಹತ್ತಿ ಬರಬೇಕು. ಒಂದು ಬೆಳಿಗ್ಗೆ ಡ್ರಾಯಿಂಗ್ ಮಾಷ್ಟ್ರು ಅರ್ಧ ದಾರಿಯಲ್ಲಿ ಗೋಳಿಮರದ ಬುಡದಲ್ಲಿ ಕೂತುಬಿಟ್ಟಿದ್ದರು. ಹಣೆಯಲ್ಲಿ ಬೆವರು. "ಏನು ಮಾಷ್ಟ್ರೇ, ಪೆನ್ಶನ್ ಹತ್ತಿರ ಬಂತೆಂದು ಮೆಟ್ಟಿಲಿಗೂ ಗೊತ್ತಾಯ್ತಾ?" ಎಂದು ನಾನು ತಮಾಷೆ ಮಾಡಿದೆ. ಅವರೂ ನಕ್ಕರು. ಫಸ್ಟ್ ಬೆಲ್ ಆಗುತ್ತದೆಂದು ನಾನು ಮೇಲೆ ಹೋದೆ. ಆರು ವಾರಗಳ ನಂತರ ಅವರಿರಲಿಲ್ಲ.

ಇದನ್ನು ಇದುವರೆಗೆ ಯಾರಿಗೂ ಹೇಳಿರಲಿಲ್ಲ. ಇಲ್ಲಿ ಬರೆದಿದ್ದೇನೆ.

ಹಾರ್ಟ್‌ಮನ್ ಹೋದ ಮೇಲೆ ಅವನ ಕೆಲಸಗಳು ಚೆಲ್ಲಾಪಿಲ್ಲಿಯಾಗಬಾರದು ಎಂದು ಸ್ಟಾಸೋವ್ ಮುಂದೆ ನಿಂತ. 1874ರ ಆರಂಭದಲ್ಲಿ ಪೀಟರ್ಸ್‌ಬರ್ಗಿನ ಕಲಾ ಅಕಾಡೆಮಿಯಲ್ಲಿ ಅವನ ಸುಮಾರು 400 ಚಿತ್ರಗಳು, ನಕ್ಷೆಗಳು, ವೇಷಭೂಷಣದ ವಿನ್ಯಾಸಗಳು ಪ್ರದರ್ಶನಗೊಂಡವು. ಮುಸ್ಸೋರ್ಗ್‌ಸ್ಕಿ ತನ್ನಲ್ಲಿದ್ದ ಗೆಳೆಯನ ಚಿತ್ರಗಳನ್ನೂ ಕೊಟ್ಟ. ತಾನೂ ಹೋಗಿ ನೋಡಿದ. ಆ ಜೂನಿನಲ್ಲಿ ಸುಮಾರು ಮೂರು ವಾರಗಳಲ್ಲಿ ಪಿಯಾನೊಗಾಗಿ ಒಂದು ಕೃತಿ ಬರೆದು ಮುಗಿಸಿದ. ಅದೇ 'ಪ್ರದರ್ಶನದ ಚಿತ್ರಗಳು'.

ಅದರಲ್ಲಿ ಹತ್ತು ಚಿತ್ರಗಳುಂಟು. ಒಂದು ಚಿತ್ರದಿಂದ ಇನ್ನೊಂದಕ್ಕೆ ಹೋಗುವ ನಡುವೆ 'ಪ್ರೊಮೆನೇಡ್' ಎಂಬ ನಡಿಗೆಯ ಸ್ವರ ಮತ್ತೆ ಮತ್ತೆ ಬರುತ್ತದೆ. ನಡೆಯುವವನು ಮುಸ್ಸೋರ್ಗ್‌ಸ್ಕಿಯೇ. ಆ ನಡಿಗೆಯ ಲೆಕ್ಕ ಒಮ್ಮೆ ಐದು, ಒಮ್ಮೆ ಆರು. ನಮ್ಮ ಮಕ್ಕಳಿಗೆ ಕೈತಟ್ಟಿ ಎಣಿಸಲು ಹೇಳಿದೆ: ಒಂದು ಎರಡು ಮೂರು ನಾಲ್ಕು ಐದು, ಒಂದು ಎರಡು ಮೂರು ನಾಲ್ಕು ಐದು ಆರು. ಎರಡು ಸುತ್ತಿಗೆಲ್ಲ ತಾಳ ತಪ್ಪಿತು. ಪಥಸಂಚಲನದ ನೇರ ಹೆಜ್ಜೆ ಅಲ್ಲ ಅದು. ಒಂದು ಕಡೆ ನಿಂತು, ಮತ್ತೆ ಸಾಗಿ, ಹಿಂದಿರುಗಿ ನೋಡುವವನ ಹೆಜ್ಜೆ.

ನ್ಯೂಕ್ಯಾಸಲ್ಲಿನ ಹುಡುಗರು ಈ ಹತ್ತರಿಂದ ನಾಲ್ಕನ್ನು ಆಯ್ದುಕೊಂಡರು. ಕುಳ್ಳ ಭೂತದ 'ನೋಮ್'. 'ಹಳೆಯ ಕೋಟೆ'. ಕೋಳಿಕಾಲಿನ ಮೇಲೆ ನಿಂತ ಮನೆಯಲ್ಲಿ ವಾಸಿಸುವ ರಷ್ಯದ ಅಜ್ಜಿಕತೆಯ ಮಾಟಗಾತಿ 'ಬಾಬಾ ಯಾಗಾ'. ಕೊನೆಗೆ 'ಕೀವ್‌ನ ಮಹಾದ್ವಾರ'. ಎಮರ್ಸನ್ ಈ ಕೃತಿಯನ್ನು ಮೊದಲು ಕೇಳಿದ್ದು ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲಿನಲ್ಲಿ, ದೊಡ್ಡ ವಾದ್ಯವೃಂದ ನುಡಿಸಿದಾಗ. ಅಂದರೆ ಪಿಯಾನೊಗೆ ಬರೆದದ್ದು ವಾದ್ಯವೃಂದಕ್ಕೆ ಹೋಗಿ, ಅಲ್ಲಿಂದ ಮೂವರ ರಾಕ್ ತಂಡಕ್ಕೆ ಬಂತು. ನಡುವಿನ ಕೊಂಡಿಗಳಲ್ಲಿ ಎರಡು ಮುಖ್ಯ. ಮುಸ್ಸೋರ್ಗ್‌ಸ್ಕಿ ಬದುಕಿದ್ದಾಗ ಈ ಕೃತಿ ಅಚ್ಚಾಗಲೇ ಇಲ್ಲ. ಕುಡಿತ ಅವನನ್ನು ತಿಂದುಹಾಕಿತು. 1881ರಲ್ಲಿ 42ನೇ ವಯಸ್ಸಿಗೆ ಆಸ್ಪತ್ರೆಯಲ್ಲಿ ಸತ್ತ. ಸಾಯುವ ಕೆಲವೇ ದಿನ ಮೊದಲು ಇಲ್ಯಾ ರೆಪಿನ್ ಆಸ್ಪತ್ರೆಯಲ್ಲೇ ಅವನ ಚಿತ್ರ ಬರೆದ. ಕೆದರಿದ ತಲೆ, ಕೆಂಪಾದ ಮೂಗು, ಎಲ್ಲೋ ನೋಡುವ ಕಣ್ಣು. 1886ರಲ್ಲಿ ಗೆಳೆಯ ರಿಮ್ಸ್ಕಿ-ಕೊರ್ಸಕೋವ್ ತಿದ್ದಿದ ಪ್ರತಿ ಅಚ್ಚಾಯಿತು. 1922ರಲ್ಲಿ ಕುಸೆವಿಟ್ಸ್ಕಿ ಎಂಬ ಸಂಗೀತ ನಿರ್ದೇಶಕ ಕೇಳಿಕೊಂಡಂತೆ ಫ್ರಾನ್ಸಿನ ಮಾರಿಸ್ ರವೆಲ್ ಅದನ್ನು ವಾದ್ಯವೃಂದಕ್ಕೆ ಅಳವಡಿಸಿದ. ಲೋಕಪ್ರಸಿದ್ಧಿ ಬಂದದ್ದು ಆಮೇಲೆ.

ಈ ರೆಕಾರ್ಡಿನ ಬಗ್ಗೆ ನನ್ನದೊಂದು ತಕರಾರು ಉಂಟು. ಮೂಲದಲ್ಲಿ ಪ್ಯಾರಿಸಿನ ನೆಲಮಾಳಿಗೆಯ ಸಮಾಧಿಗಳ ಚಿತ್ರವೊಂದು ಬರುತ್ತದೆ. ಅದರ ಬೆನ್ನಿಗೆ ಅದೇ ನಡಿಗೆಯ ಸ್ವರ ಮೆಲ್ಲಗೆ, ನಡುಗುತ್ತಾ ಬರುತ್ತದೆ. ಸತ್ತವರೊಡನೆ ಸತ್ತ ಭಾಷೆಯಲ್ಲಿ ಮಾತು ಎಂದು ಅದಕ್ಕೆ ಲ್ಯಾಟಿನ್ನಿನಲ್ಲಿ ಹೆಸರು. ಅಲ್ಲಿಯವರೆಗೆ ಚಿತ್ರ ನೋಡುತ್ತಿದ್ದವನು ಅಲ್ಲಿ ಚಿತ್ರದೊಳಗೇ ಇಳಿದು ಗೆಳೆಯನನ್ನು ಹುಡುಕುತ್ತಾನೆ. ಇಡೀ ಕೃತಿಯ ಜೀವ ಅದು. ಆ ಭಾಗ ಈ ರೆಕಾರ್ಡಿನಲ್ಲಿ ಇಲ್ಲ. ಇಪ್ಪತ್ತರ ಹರೆಯದವರಿಗೆ ಭೂತ, ಮಾಟಗಾತಿ, ಮಹಾದ್ವಾರ ಸಾಕಾಯಿತೇನೋ. ಅವರನ್ನು ನಾನು ದೂರುವುದಿಲ್ಲ. ಆ ವಯಸ್ಸಿನಲ್ಲಿ ನನಗೂ ಅದು ಬೇಕೆನಿಸುತ್ತಿರಲಿಲ್ಲ.

ಕಟ್ಟದೆ ಉಳಿದ ಬಾಗಿಲು

ಮಹಾದ್ವಾರದ ಕತೆ ಹೇಳಲೇಬೇಕು. 1866ರ ಏಪ್ರಿಲಿನಲ್ಲಿ ಚಕ್ರವರ್ತಿ ಎರಡನೇ ಅಲೆಕ್ಸಾಂಡರನ ಮೇಲೆ ಪೀಟರ್ಸ್‌ಬರ್ಗಿನಲ್ಲಿ ಗುಂಡು ಹಾರಿತು. ಅವನು ಬದುಕಿಕೊಂಡ. ಆ ನೆನಪಿಗೆ ಕೀವ್ ನಗರದಲ್ಲಿ ಒಂದು ದ್ವಾರ ಕಟ್ಟಬೇಕೆಂದು ಸ್ಪರ್ಧೆ ಏರ್ಪಟ್ಟಿತು. ಹಾರ್ಟ್‌ಮನ್ ಒಂದು ನಕ್ಷೆ ಬರೆದ. ಯೋಧನ ಶಿರಸ್ತ್ರಾಣದಂಥ ಗುಮ್ಮಟ, ಪಕ್ಕದಲ್ಲಿ ಗಂಟೆಗೋಪುರ. ಯೋಜನೆಯೇ ಕೈಬಿಟ್ಟುಹೋಯಿತು. ದ್ವಾರಕ್ಕೆ ಒಂದು ಕಲ್ಲೂ ಬೀಳಲಿಲ್ಲ. ಕಾಗದದಲ್ಲಿ ಮಾತ್ರ ಉಳಿದ ಆ ಬಾಗಿಲನ್ನು ಮುಸ್ಸೋರ್ಗ್‌ಸ್ಕಿ ಸ್ವರದಲ್ಲಿ ಕಟ್ಟಿದ. ಇಂದು ಲೋಕದಲ್ಲಿ ಎಷ್ಟೋ ಜನಕ್ಕೆ ಕೀವ್‌ನ ಮಹಾದ್ವಾರವೆಂದರೆ ಆ ಸಂಗೀತವೇ. ಕೀವ್‌ನಲ್ಲಿರುವ ಸುವರ್ಣದ್ವಾರ ಬೇರೆ. ಅದು ಹನ್ನೊಂದನೇ ಶತಮಾನದ್ದು, ಪಾಳು ಬಿದ್ದದ್ದನ್ನು 1982ರಲ್ಲಿ ಮತ್ತೆ ಕಟ್ಟಿದರು.

ಹಾರ್ಟ್‌ಮನ್ನನ ಚಿತ್ರಗಳಲ್ಲಿ ಬಹಳಷ್ಟು ಕಾಲಕ್ರಮದಲ್ಲಿ ಕಳೆದುಹೋದವು. ಈ ರೆಕಾರ್ಡಿನ ನಾಲ್ಕು ಚಿತ್ರಗಳಲ್ಲೇ ನೋಡಿ. ಮಾಟಗಾತಿಯ ಮನೆ, ಮಹಾದ್ವಾರ ಇವೆರಡು ಉಳಿದಿವೆ. ಕುಳ್ಳ ಭೂತವೂ ಹಳೆಯ ಕೋಟೆಯೂ ಇಲ್ಲ. ಕವರಿನ ಹೊರಗಿನ ಖಾಲಿ ಚೌಕಟ್ಟುಗಳು ಆಗ ನನಗೆ ಅರ್ಥವಾದವು.

ಮಂಗಳೂರಿನಲ್ಲಿ ಹಳೆಯ ರೇಡಿಯೊ ರಿಪೇರಿ ಮಾಡುವ ಪರಿಚಯದವರೊಬ್ಬರ ಅಂಗಡಿಯಲ್ಲಿ ರೆಕಾರ್ಡ್ ಪ್ಲೇಯರ್ ಉಂಟು. ಒಂದು ಶನಿವಾರ ಪ್ಲೇಟನ್ನು ಅಲ್ಲಿಗೆ ಒಯ್ದೆ. ಮಾಷ್ಟ್ರ ಮಗನೂ ಬಂದಿದ್ದ. ಮುಳ್ಳು ಇಳಿದೊಡನೆ ಮೊದಲು ಕೇಳಿದ್ದು ಸಂಗೀತವಲ್ಲ, ಹುರಿಯುವ ಬಾಣಲೆಯ ಚಟಪಟ ಸದ್ದು. ಒಂದು ಕಡೆ ಉದ್ದಕ್ಕೆ ಗೀಚಿದ ಗೆರೆ ಇತ್ತು. ಅದು ಪ್ರತಿ ಸುತ್ತಿಗೊಮ್ಮೆ 'ಟಕ್' ಎನ್ನುತ್ತಿತ್ತು. ನಿಮಿಷಕ್ಕೆ 33⅓ ಸುತ್ತಾದರೆ ಒಂದು ಟಕ್ಕಿನಿಂದ ಇನ್ನೊಂದಕ್ಕೆ ಎಷ್ಟು ಹೊತ್ತು? 60ನ್ನು 33⅓ರಿಂದ ಭಾಗಿಸಿ: 1.8 ಸೆಕೆಂಡು. ಆರನೇ ಕ್ಲಾಸಿನವರಿಗೆ ಈ ಲೆಕ್ಕ ಕೊಟ್ಟಿದ್ದೇನೆ.

ಇನ್ನೂ ಒಂದು ಲೆಕ್ಕ ಉಂಟು. ಪ್ಲೇಟಿನ ಹೊರಸುತ್ತಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೀರು ಹಾದುಹೋಗುತ್ತದೆ. ಒಳಸುತ್ತಿಗೆ ಬರುವಾಗ ಅದು ಇಪ್ಪತ್ತರ ಆಸುಪಾಸಿಗೆ ಇಳಿಯುತ್ತದೆ. ಅಷ್ಟೇ ಹೊತ್ತಿನ ಸ್ವರಕ್ಕೆ ಅರ್ಧಕ್ಕಿಂತಲೂ ಕಡಿಮೆ ಜಾಗ. ಮಹಾದ್ವಾರ ಬರುವುದು ಎರಡನೇ ಬದಿಯ ಕೊನೆಯ ಹತ್ತಿರ. ಅತಿ ದೊಡ್ಡ ಸದ್ದು ಅತಿ ಇಕ್ಕಟ್ಟಿನ ಜಾಗದಲ್ಲಿ! ಅಲ್ಲಿ ದನಿ ಸ್ವಲ್ಪ ಒಡೆಯಿತು. ಆದರೂ ಆ ಅಂಗಡಿಯಲ್ಲಿ ನಾವು ಮೂವರೂ ಎದ್ದು ನಿಂತಿದ್ದೆವು. ಯಾಕೆ ನಿಂತೆವು ಎಂದು ಕೇಳಿದರೆ ಹೇಳಲು ಬಾರದು. "ಅಪ್ಪ ಇದನ್ನು ಒಮ್ಮೆಯೂ ಕೇಳಲಿಲ್ಲ" ಎಂದ ಹುಡುಗ. ಚಪ್ಪಾಳೆಯ ಸದ್ದು ಬಂತು. ಐವತ್ತು ವರ್ಷ ದಾಟಿದ ಚಪ್ಪಾಳೆ. ಎಮರ್ಸನ್, ಲೇಕ್ ಇಬ್ಬರೂ 2016ರಲ್ಲಿ ತೀರಿಕೊಂಡರು. ಪ್ಲೇಟಿನಲ್ಲಿ ಅವರಿಗೆ ಇನ್ನೂ ಇಪ್ಪತ್ತಾರು, ಇಪ್ಪತ್ತಮೂರು.

ಶಾಲೆಗೆ ಬಂದ ಮೇಲೆ ಲ್ಯಾಬಿನ ಹಿಂದಿನ ಕಪಾಟು ತೆರೆದೆವು. ಮಾಷ್ಟ್ರು ಬರೆದ ಚಾರ್ಟುಗಳು ಅಲ್ಲಿ ಸುರುಳಿ ಸುತ್ತಿ ಬಿದ್ದಿದ್ದವು. ಬೇಕಲ ಕೋಟೆ, ಹೃದಯದ ಅಡ್ಡಕೊಯ್ತ, ಕನ್ನಡ ವರ್ಣಮಾಲೆ, ಬಣ್ಣದ ವೇಷದ ಕಿರೀಟ. ಕೆಲವಕ್ಕೆ ಗೆದ್ದಲು ಹಿಡಿದಿತ್ತು. ಉಳಿದವು 43. ಶಾಲಾ ವಾರ್ಷಿಕೋತ್ಸವದ ದಿನ ಅವನ್ನು ಎರಡು ಕ್ಲಾಸ್‌ರೂಮುಗಳಲ್ಲಿ ತೂಗುಹಾಕಿದೆವು. ಗೆದ್ದಲು ತಿಂದ ಚಾರ್ಟುಗಳ ಜಾಗದಲ್ಲಿ ಮಕ್ಕಳು ಖಾಲಿ ಹಾಳೆ ಹಚ್ಚಿ ಹೆಸರು ಮಾತ್ರ ಬರೆದರು. ಹಳೆ ವಿದ್ಯಾರ್ಥಿಗಳು ಬಂದು ಆ ಖಾಲಿ ಹಾಳೆಗಳ ಮುಂದೆಯೇ ಹೆಚ್ಚು ಹೊತ್ತು ನಿಂತು ಅಲ್ಲೇನಿತ್ತು ಎಂದು ಮಕ್ಕಳಿಗೆ ಹೇಳುತ್ತಿದ್ದರು.

ನಿಮ್ಮ ಮನೆಯ ಅಟ್ಟದಲ್ಲಿಯೂ ಇಂಥ ಪ್ಲೇಟುಗಳು ಇರಬಹುದು. ಗುಜರಿಗೆ ಕೊಡುವ ಮೊದಲು ಒಮ್ಮೆ ನೋಡಿ. ಒಂದರ ಮೇಲೊಂದು ಪೇರಿಸಬೇಡಿ, ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ. ಬಿಸಿಲು ಬಿದ್ದರೆ ಸೊಟ್ಟಗಾಗುತ್ತದೆ. ನಮ್ಮ ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದು ಖಂಡಿತ. ಬ್ಯಾಟರಿಗೆ ಹಾಕುವ ಶುದ್ಧ ನೀರಿನಲ್ಲಿ ಮೆತ್ತಗಿನ ಹತ್ತಿಬಟ್ಟೆ ಅದ್ದಿ, ಗೀರು ಹೋದ ದಿಕ್ಕಿನಲ್ಲೇ ಒರೆಸಿ. ನಡುವಿನ ಕಾಗದದ ಲೇಬಲ್ ಒದ್ದೆಯಾಗದಿರಲಿ.

ಇನ್ನೊಂದು ವಿನಂತಿ. ಮೆಟ್ಟಿಲಿನಲ್ಲಿ ಯಾರಾದರೂ ಉಸಿರು ಸಿಗದೆ ಕೂತಿದ್ದರೆ, ಬೆಲ್ ಆದರೂ ಆಗಲಿ, ಅವರ ಹತ್ತಿರ ಕೂತುಕೊಳ್ಳಿ. ಡಾಕ್ಟರರ ಹತ್ತಿರ ಕರೆದುಕೊಂಡು ಹೋಗಿ.